ಕಿಟಕಿ ಗಾಜಿಗೆ ಹಕ್ಕಿಗಳ ಡಿಕ್ಕಿ

ಹಾರಿಬರುವ ಹಕ್ಕಿ ಮನೆಯ ಕಿಟಕಿಗೋ ಗಾಜಿನ ಬಾಗಿಲಿಗೋ ಬಾಲ್ಕನಿಯ ಗಾಜಿನ ತಡೆಗೋ ಬಡಿದು ಗಾಯಗೊಳ್ಳುವುದು, ಸಾಯುವುದು ಜಗತ್ತಿನ ಎಲ್ಲೆಡೆ ದಾಖಲಾಗಿರುವ ಸಂಗತಿ. ಒಂದು ಮನೆಯ ಮಟ್ಟಿಗೆ ಅದು ವರ್ಷದಲ್ಲಿ ಒಂದೆರಡು ಸಲ ಕೇಳಿಸುವ ‘ಧಪ್’ ಎಂಬ ಸದ್ದು, ಅಷ್ಟೆ. ಎದ್ದುಹೋಗಿ ನೋಡುವಷ್ಟರಲ್ಲಿ ಗಾಜಿನ ಮೇಲೆ ಮಸುಕಾದ ಒಂದು ಗುರುತು, ಅಂಟಿಕೊಂಡ ಒಂದು ಪುಕ್ಕ ಉಳಿದಿರುತ್ತದೆ. ಬಡಿದದ್ದು ಪಾರಿವಾಳದ ಜಾತಿಯದಾದರೆ ಗರಿಯ ಪುಡಿ ಮೆತ್ತಿ ಬಿಚ್ಚಿದ ರೆಕ್ಕೆಗಳ ಅಚ್ಚೇ ಗಾಜಿನ ಮೇಲೆ ಮೂಡಿರುವುದುಂಟು. ಹಕ್ಕಿಯನ್ನು ಮಾತ್ರ ಬೆಕ್ಕೋ ಕಾಗೆಯೋ ಒಯ್ದಿರುತ್ತದೆ, ಇಲ್ಲವೆ ಅದು ಪೊದೆಯೊಳಗೆ ಸರಿದು ಅಲ್ಲೇ ಸತ್ತಿರುತ್ತದೆ. ಹೆಣ ಸಿಗದ ಸಾವಾದ್ದರಿಂದಲೇ ಇದನ್ನು ಎಣಿಸಬೇಕೆಂದು ಬಹುಕಾಲ ಯಾರಿಗೂ ತೋಚಲಿಲ್ಲ.

ಗಾಜಿನ ಡಿಕ್ಕಿ ಎಂದೊಡನೆ ಮನಸ್ಸಿಗೆ ಬರುವುದು ಮುಗಿಲೆತ್ತರದ ಕಟ್ಟಡಗಳು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅಂಕಿಅಂಶಗಳನ್ನು ಒಟ್ಟುಗೂಡಿಸಿ ಸ್ಕಾಟ್ ಲಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶವೊಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಅದರ ನಡುವಣ ಅಂದಾಜು ಸುಮಾರು 60 ಕೋಟಿ. ಇದರಲ್ಲಿ ಬಹುಮಹಡಿ ಗೋಪುರಗಳ ಪಾಲು ನೂರಕ್ಕೆ ಒಂದೂ ಇಲ್ಲ. ಒಂದರಿಂದ ಮೂರು ಅಂತಸ್ತಿನ ವಾಸದ ಮನೆಗಳ ಪಾಲು ಶೇ. 44, ಉಳಿದದ್ದು ನಾಲ್ಕರಿಂದ ಹನ್ನೊಂದು ಅಂತಸ್ತಿನ ಕಟ್ಟಡಗಳದು. ಗೋಪುರವೊಂದು ವರ್ಷಕ್ಕೆ ಸರಾಸರಿ 24 ಹಕ್ಕಿಗಳನ್ನು ಕೊಂದರೆ ಮನೆಯೊಂದು ಕೊಲ್ಲುವುದು ಎರಡನ್ನು. ಆದರೆ ಗೋಪುರಗಳು ಸಾವಿರಗಳಲ್ಲಿದ್ದರೆ ಮನೆಗಳು ಹನ್ನೆರಡು ಕೋಟಿ. ಕೆನಡಾದ 2013ರ ಅಂದಾಜು ವರ್ಷಕ್ಕೆ ಸುಮಾರು 2.5 ಕೋಟಿ ಹಕ್ಕಿಗಳು. ಅಲ್ಲಿ ನೂರಕ್ಕೆ ತೊಂಬತ್ತು ಸಾವು ಮನೆಗಳಲ್ಲೇ. ಹೀಗಾಗಿ ತಡೆಯುವ ಕೆಲಸದ ದೊಡ್ಡ ಪಾಲು ವಾಸ್ತುಶಿಲ್ಪಿಯ ಕೈಯಲ್ಲಿಲ್ಲ, ಮನೆಯವರ ಕೈಯಲ್ಲಿದೆ.

ಗಾಜು ಹಕ್ಕಿಗೆ ಕಾಣುವ ಬಗೆ

ಹಕ್ಕಿಗೆ ಗಾಜು ಕಾಣುವುದಿಲ್ಲ. ಗಾಜು ತೋರಿಸುವುದು ಕಾಣುತ್ತದೆ. ಅದು ತೋರಿಸುವುದು ಎರಡು ಬಗೆಯಲ್ಲಿ. ಮೂಲೆಯಲ್ಲಿ ಎರಡು ಕಿಟಕಿಗಳು ಕೂಡುವಲ್ಲಿ ಅಥವಾ ಎದುರುಬದುರು ಕಿಟಕಿಗಳಿರುವ ಕೋಣೆಯಲ್ಲಿ ಆಚೆಯ ಮರ ಈಚೆಗೆ ಕಾಣುತ್ತದೆ, ಹಕ್ಕಿ ಅದರತ್ತ ನೇರ ಹಾರುತ್ತದೆ. ಇದು ಪಾರದರ್ಶಕತೆಯ ಮೋಸ. ಮನೆಗಳಲ್ಲಿ ಇದಕ್ಕಿಂತ ಹೆಚ್ಚಾಗಿ ನಡೆಯುವುದು ಪ್ರತಿಬಿಂಬದ ಮೋಸ. ಸಾದಾ ಗಾಜಿನ ಒಂದು ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 8ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಹಗಲಿನಲ್ಲಿ ಒಳಗಿನ ಕೋಣೆ ಹೊರಗಿಗಿಂತ ಎಷ್ಟೋ ಪಟ್ಟು ಕತ್ತಲಾಗಿರುವುದರಿಂದ ಆ ಎಂಟು ಪಾಲೇ ಸಾಕಾಗಿ, ಅಂಗಳದ ಮಾವಿನ ಮರವೂ ಮೇಲಿನ ಆಕಾಶವೂ ಕಿಟಕಿಯಲ್ಲಿ ಮತ್ತೊಮ್ಮೆ ಬೆಳೆಯುತ್ತವೆ. ಓರೆಯಾಗಿ ನೋಡಿದಷ್ಟೂ ಬಿಂಬ ಗಟ್ಟಿಯಾಗುತ್ತದೆ. ಬಿಸಿಲಿನ ಕಾವು ತಡೆಯಲೆಂದು ಲೇಪ ಹಚ್ಚಿದ ಗಾಜಂತೂ ಹಗಲೆಲ್ಲ ಕನ್ನಡಿಯೇ.

ಮನುಷ್ಯರೂ ಗಾಜಿಗೆ ಹಣೆ ಬಡಿದುಕೊಳ್ಳುತ್ತಾರೆ. ಚೌಕಟ್ಟು, ಹಿಡಿಕೆ, ಧೂಳು ಇವನ್ನು ಕಂಡು ‘ಇಲ್ಲೊಂದು ಬಾಗಿಲಿರಬೇಕು’ ಎಂದು ಊಹಿಸುವುದನ್ನು ನಾವು ಕಲಿತಿದ್ದೇವೆ, ಅಷ್ಟೆ. ಹಕ್ಕಿಗೆ ಆ ಕಲಿಕೆಯಿಲ್ಲ. ಅಲ್ಲದೆ ಹೆಚ್ಚಿನ ಹಕ್ಕಿಗಳ ಕಣ್ಣು ತಲೆಯ ಅಕ್ಕಪಕ್ಕದಲ್ಲಿದ್ದು, ಅವುಗಳ ಅತಿ ಸ್ಪಷ್ಟ ನೋಟ ಮುಂದಕ್ಕಲ್ಲ, ಬದಿಗೆ ನೆಟ್ಟಿರುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಗ್ರಹಾಂ ಮಾರ್ಟಿನ್ 2011ರಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ತೆರೆದ ಬಾನಿನಲ್ಲಿ ಮುಂದೆ ಅಡ್ಡಿಯಿರಬಹುದು ಎಂದು ನಿರೀಕ್ಷಿಸುವ ಅಗತ್ಯವೇ ಹಕ್ಕಿಗೆ ಎಂದೂ ಬಂದಿರಲಿಲ್ಲ.

ಗಾಜಿಗೆ ಬಡಿದ ಹಕ್ಕಿಯ ಕತ್ತು ಮುರಿದಿದೆ ಎಂದು ಜನ ಹೇಳುವುದುಂಟು. ಸತ್ತ ಹಕ್ಕಿಯ ಕತ್ತು ಹೇಗೂ ಜೋತುಬೀಳುತ್ತದೆ. ಸಾವಿಗೆ ಸಾಮಾನ್ಯ ಕಾರಣ ತಲೆಬುರುಡೆಯೊಳಗಿನ ರಕ್ತಸ್ರಾವ ಮತ್ತು ಮೆದುಳಿನ ಪೆಟ್ಟು ಎಂಬುದು ಶವಪರೀಕ್ಷೆಗಳಿಂದ ತಿಳಿದಿದೆ. ಬಡಿದು ಎದ್ದು ಹಾರಿಹೋದ ಹಕ್ಕಿ ಬದುಕಿತೆಂದು ನೆಮ್ಮದಿಪಡುವಂತಿಲ್ಲ ಎನ್ನುವುದಕ್ಕೂ ಇದೇ ಕಾರಣ.

ಅರಿವಿನ ಇತಿಹಾಸ

ಈ ಬಗೆಯ ಡಿಕ್ಕಿಯ ಹಳೆಯ ಲಿಖಿತ ದಾಖಲೆಗಳಲ್ಲೊಂದು ಥಾಮಸ್ ನಟ್ಟಾಲ್ 1832ರಲ್ಲಿ ಪ್ರಕಟಿಸಿದ ಪಕ್ಷಿಗ್ರಂಥದಲ್ಲಿದೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನ ಸಸ್ಯೋದ್ಯಾನದಲ್ಲಿ ಬೇಟೆಯ ಬೆನ್ನುಹತ್ತಿದ ಎಳೆಯ ಬಿಜ್ಜವೊಂದು ಹಸಿರುಮನೆಯ ಗಾಜು ಒಡೆದು, ಒಳಗಿನ ಎರಡನೆಯ ಗಾಜನ್ನೂ ಒಡೆದು, ಮೂರನೆಯದಕ್ಕೆ ಬಡಿದು ನಿಂತಿತಂತೆ. ಆ ಕಾಲದ ಗಾಜು ತೆಳು, ಬಿಲ್ಲೆಗಳು ಚಿಕ್ಕವು, ಮೈ ಅಲೆಅಲೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು 1959ರಲ್ಲಿ ಪ್ರಕಟಿಸಿದ ಮೇಲೆ, ಗೋಡೆಯಗಲದ, ಸಮತಟ್ಟಾದ, ಸ್ಫಟಿಕದಷ್ಟು ತಿಳಿಯಾದ ಗಾಜು ಸಾಮಾನ್ಯರ ಮನೆಗೂ ಎಟುಕಿತು. ಹಕ್ಕಿಗಳ ಪಾಲಿಗೆ ಕಾಲ ಕೆಟ್ಟದ್ದು ಬಹುಶಃ ಆಗಲೇ.

ವಿಷಯವನ್ನು ವಿಜ್ಞಾನವಾಗಿಸಿದವರು ಡೇನಿಯಲ್ ಕ್ಲೆಮ್. 1974ರಲ್ಲಿ ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಆರಂಭಿಸಿ, ಮುಂದೆ ಪೆನ್ಸಿಲ್ವೇನಿಯಾದ ಮ್ಯೂಲೆನ್‌ಬರ್ಗ್ ಕಾಲೇಜಿನಲ್ಲಿ ದಶಕಗಳ ಕಾಲ ಅವರು ಇದೊಂದನ್ನೇ ಹಿಡಿದು ಕೂತರು. ವರ್ಷಕ್ಕೆ ಒಂದು ಕಟ್ಟಡಕ್ಕೆ ಕಡಿಮೆಯೆಂದರೆ ಒಂದು, ಹೆಚ್ಚೆಂದರೆ ಹತ್ತು ಹಕ್ಕಿ ಎಂದು ಹಿಡಿದು, ದೇಶದ 9.76 ಕೋಟಿ ಕಟ್ಟಡಗಳಿಗೆ ಗುಣಿಸಿ, 9.76 ಕೋಟಿಯಿಂದ 97.6 ಕೋಟಿ ಎಂಬ ಅಂದಾಜನ್ನು 1990ರಲ್ಲಿ ಮುಂದಿಟ್ಟರು. ಇಷ್ಟು ಸರಳ ಗುಣಾಕಾರವನ್ನು ನಂಬಿದವರು ಕಡಿಮೆ. ಇಪ್ಪತ್ತನಾಲ್ಕು ವರ್ಷಗಳ ನಂತರ ಲಾಸ್ ತಂಡ ಜಟಿಲ ಗಣಿತದಿಂದ ತಲುಪಿದ ಮೇಲಿನ ತುದಿಯೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಕ್ಲೆಮ್ ತಮ್ಮ ಜೀವಮಾನದ ಕೆಲಸವನ್ನು 2021ರಲ್ಲಿ ‘ಸಾಲಿಡ್ ಏರ್’ ಎಂಬ ಪುಸ್ತಕವಾಗಿಸಿದರು.

ಸಾರ್ವಜನಿಕರ ಗಮನ ಸೆಳೆದದ್ದು ಮಾತ್ರ ದೊಡ್ಡ ಕಟ್ಟಡಗಳೇ. ಟೊರಾಂಟೊದಲ್ಲಿ 1993ರಲ್ಲಿ ಹುಟ್ಟಿದ ‘ಫ್ಲ್ಯಾಪ್’ ಸಂಸ್ಥೆಯ ಸ್ವಯಂಸೇವಕರು ಬೆಳಗಿನ ಜಾವ ರಸ್ತೆಗಳಲ್ಲಿ ನಡೆದು ಬಿದ್ದ ಹಕ್ಕಿಗಳನ್ನು ಆರಿಸುತ್ತಾರೆ. ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲರ್ಡ್ 1978ರಿಂದ ಸರೋವರದ ದಂಡೆಯ ಮೆಕ್‌ಕಾರ್ಮಿಕ್ ಪ್ಲೇಸ್ ಸಭಾಭವನದ ಸುತ್ತ ಇದೇ ಕೆಲಸ ಮಾಡುತ್ತ ಬಂದರು. 2023ರ ಅಕ್ಟೋಬರ್ 5ರಂದು ಬೆಳಗಾಗುವಷ್ಟರಲ್ಲಿ ಅಲ್ಲಿ ಬಿದ್ದಿದ್ದ ಹಕ್ಕಿಗಳು ಹತ್ತಿರಹತ್ತಿರ ಒಂದು ಸಾವಿರ. ಮರುವರ್ಷ ಆ ಕಟ್ಟಡದ ಗಾಜಿಗೆಲ್ಲ ಸಣ್ಣ ಚುಕ್ಕಿಗಳ ಹಾಳೆ ಅಂಟಿಸಿದ ಮೇಲೆ ಸಾವು ಬಹುಮಟ್ಟಿಗೆ ನಿಂತುಹೋಯಿತು.

ತಡೆಯುವ ಉಪಾಯಗಳು

ಉಪಾಯಗಳೆಲ್ಲದರ ಹಿಂದಿರುವ ಎಣಿಕೆ ಒಂದೇ. ಕಾಡಿನಲ್ಲಿ ಹಕ್ಕಿ ಎಲೆಗಳ ನಡುವಣ ಸಂದು ನೋಡಿಕೊಂಡು ಹಾರುತ್ತದೆ. ತನ್ನ ಮೈ ತೂರುವಷ್ಟು ಸಂದಿದ್ದರೆ ನುಗ್ಗುತ್ತದೆ, ಇಲ್ಲದಿದ್ದರೆ ತಿರುಗುತ್ತದೆ. ಗಾಜಿನ ಮೇಲೆ ಹಕ್ಕಿ ತೂರಲಾಗದಷ್ಟು ಒತ್ತಾಗಿ ಗುರುತುಗಳಿದ್ದರೆ ಅದು ಆ ಗುರುತುಗಳನ್ನೇ ಅಡ್ಡಿಯೆಂದು ಓದಿಕೊಂಡು ಬೇರೆ ದಾರಿ ಹಿಡಿಯುತ್ತದೆ. ಅಂತರ ಎಷ್ಟಿರಬೇಕು? ಕ್ಲೆಮ್ ಅವರ ಪ್ರಯೋಗಗಳಿಂದ ಬಂದ ಹಳೆಯ ಸೂತ್ರ: ಲಂಬ ಪಟ್ಟಿಗಳ ನಡುವೆ 10 ಸೆಂಟಿಮೀಟರ್, ಅಡ್ಡ ಪಟ್ಟಿಗಳ ನಡುವೆ 5 ಸೆಂಟಿಮೀಟರ್. ಸಣ್ಣ ಹಕ್ಕಿಗಳೂ ತಪ್ಪಿಸಿಕೊಳ್ಳಬೇಕಾದರೆ ಎಲ್ಲ ದಿಕ್ಕಿನಲ್ಲೂ 5 ಸೆಂಟಿಮೀಟರ್ ಒಳ್ಳೆಯದು ಎಂಬುದು ಈಗಿನ ಸಲಹೆ. ಚುಕ್ಕಿಯಾದರೆ ಸುಮಾರು 6 ಮಿಲಿಮೀಟರ್ ದಪ್ಪವಿರಬೇಕು. ಚುಕ್ಕಿ ರಂಗೋಲಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಎಳೆಯದೆ ಚುಕ್ಕಿಗಳನ್ನಷ್ಟೇ ಕಿಟಕಿಯ ತುಂಬ ಇಟ್ಟಂತೆ, ಮೂಲೆಯನ್ನೂ ಬಿಡದೆ.

ಅಂತರಕ್ಕಿಂತ ಹೆಚ್ಚಾಗಿ ಜನ ಎಡವುವುದು ಎಲ್ಲಿ ಅಂಟಿಸಬೇಕು ಎಂಬುದರಲ್ಲಿ. ಗುರುತು ಇರಬೇಕಾದ್ದು ಗಾಜಿನ ಹೊರಮೈ ಮೇಲೆ. ಪ್ರತಿಬಿಂಬ ಮೂಡುವುದು ಹೊರಮೈಯಲ್ಲಿ. ಒಳಗೆ ಅಂಟಿಸಿದ್ದು ಆ ಬಿಂಬದ ಹಿಂದೆ ಮುಳುಗಿಹೋಗುತ್ತದೆ. ಒಳಗಿನ ಪರದೆ ಎಳೆದರೂ ಇದೇ ಪಾಡು: ಪಾರದರ್ಶಕತೆಯ ಮೋಸ ತಪ್ಪುತ್ತದೆ, ಪ್ರತಿಬಿಂಬದ್ದು ತಪ್ಪುವುದಿಲ್ಲ. ಮೇಲಂತಸ್ತಿನ ಕಿಟಕಿಗೆ ಹೊರಗಿನಿಂದ ಕೈ ಎಟುಕದು ಎಂಬ ಒಂದೇ ಕಾರಣಕ್ಕೆ ಒಳಗೆ ಅಂಟಿಸಿ ಸುಮ್ಮನಾದವರು ಅನೇಕರು.

ಸುಲಭವಾದದ್ದು ಜಾಲರಿ. ಕಿಟಕಿಯ ಹೊರಗೆ ಬಿಗಿದ ಸೊಳ್ಳೆ ಜಾಲರಿ ಬಿಂಬವನ್ನು ಮಬ್ಬಾಗಿಸುತ್ತದೆ. ತಪ್ಪಿ ಬಂದ ಹಕ್ಕಿಯನ್ನು ಮೆತ್ತಗೆ ತಡೆಯುತ್ತದೆ. ಬಲೆಯಾದರೆ ಗಾಜಿನಿಂದ ನಾಲ್ಕಾರು ಇಂಚು ಮುಂದಕ್ಕೆ, ತಂಬೂರಿಯ ತಂತಿಯಷ್ಟು ಬಿಗಿಯಾಗಿ ಇರಬೇಕು. ಸಡಿಲ ಬಲೆ ಗಾಜಿಗಿಂತ ಕೆಟ್ಟದ್ದು. ಅದರಲ್ಲಿ ಹಕ್ಕಿ ಸಿಕ್ಕಿ ಒದ್ದಾಡುತ್ತದೆ. ಪೆನ್ಸಿಲ್ವೇನಿಯಾದ ಅಕೋಪಿಯನ್ ಕುಟುಂಬ ಬಳಕೆಗೆ ತಂದ ಉಪಾಯ ಇನ್ನೂ ಸರಳ. ಕಿಟಕಿಯ ಮೇಲಂಚಿನಿಂದ ಸುಮಾರು ನಾಲ್ಕು ಇಂಚಿಗೊಂದರಂತೆ ಹಗ್ಗದ ಎಳೆಗಳನ್ನು ಇಳಿಬಿಡುವುದು, ಕೆಳತುದಿ ಗಾಳಿಗೆ ಆಡಲಿ ಎಂದು ಬಿಡುವುದು. ಅದನ್ನು ಹೇಗೆ ಕಟ್ಟಬೇಕೆಂದು ಅವರು ಎಲ್ಲರಿಗೂ ತಿಳಿಸಿಕೊಟ್ಟರು. ಬೇಕಾದವರು ತಾವೇ ಮಾಡಿಕೊಳ್ಳಬಹುದು. ನೈಲಾನ್ ಹಗ್ಗದ ಒಂದು ಸುರುಳಿ, ಒಂದು ಮರದ ಪಟ್ಟಿ, ಒಂದು ಭಾನುವಾರ ಇಷ್ಟರಲ್ಲಿ ಮುಗಿಯುವ ಕೆಲಸ.

ಬಣ್ಣ, ಸೋಪು, ಸುಣ್ಣದ ನೀರು ಯಾವುದರಿಂದಲಾದರೂ ಗೀಚಬಹುದು. ಮಳೆಗೆ ತೊಳೆದುಹೋದರೆ ಮತ್ತೆ ಗೀಚಬೇಕು. ಬೆಳ್ಳಗಿನ ಗುರುತು ಕಪ್ಪು ಬಿಂಬದ ಮೇಲೆ ಎದ್ದುಕಾಣುವುದರಿಂದ ಅದೇ ವಾಸಿ. ಹೊಸದಾಗಿ ಮನೆ ಕಟ್ಟುವವರಿಗೆ ತಯಾರಿಕೆಯಲ್ಲೇ ಚುಕ್ಕಿ ಸುಟ್ಟು ಕೂಡಿಸಿದ ಗಾಜು, ಉಜ್ಜಿ ಮಬ್ಬಾಗಿಸಿದ ಗಾಜು ಸಿಗುತ್ತವೆ. ಗಾಜನ್ನು ನೆಲದತ್ತ ಬಾಗಿಸಿ ಕೂರಿಸಿದರೆ ಮರದ ಬದಲು ನೆಲ ಬಿಂಬಿಸುತ್ತದೆ. ಪೆಟ್ಟಿನ ಕೋನವೂ ಬದಲಾಗುತ್ತದೆ. ಕ್ಲೆಮ್ ಅವರ 2004ರ ಪ್ರಯೋಗದಲ್ಲಿ ಇದು ಫಲ ಕೊಟ್ಟಿತ್ತು, ಮನೆ ಕಟ್ಟುವವರು ಮಾತ್ರ ಇದಕ್ಕೆ ಒಪ್ಪುವುದು ವಿರಳ.

ನೇರಳಾತೀತ ಗಾಜಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮಾರುಕಟ್ಟೆಯಲ್ಲಿ ಅದರದೇ ಸದ್ದು. ಮನುಷ್ಯರಿಗೆ ಕಾಣದ ನೇರಳಾತೀತ ಬೆಳಕು ಅನೇಕ ಹಕ್ಕಿಗಳಿಗೆ ಕಾಣುತ್ತದೆ; ಆದ್ದರಿಂದ ಗಾಜಿನ ಮೇಲೆ ಆ ಬೆಳಕನ್ನು ಹಿಂದಿರುಗಿಸುವ ವಿನ್ಯಾಸ ಮೂಡಿಸಿದರೆ ನಮ್ಮ ನೋಟವೂ ಕೆಡದು, ಹಕ್ಕಿಯೂ ಉಳಿದೀತು ಎಂಬುದು ಆಸೆ. ಜೇಡರಬಲೆಯಿಂದ ಸ್ಫೂರ್ತಿ ಪಡೆದ ಇಂಥ ಗಾಜನ್ನು ಜರ್ಮನಿಯ ಆರ್ನಾಲ್ಡ್ ಗ್ಲಾಸ್ ‘ಆರ್ನಿಲಕ್ಸ್’ ಹೆಸರಿನಲ್ಲಿ ಮಾರುತ್ತದೆ. ತೊಡಕೆಂದರೆ, ಈ ಬೆಳಕು ಚೆನ್ನಾಗಿ ಕಾಣುವುದು ಮುಖ್ಯವಾಗಿ ಹಾಡುಹಕ್ಕಿಗಳ ಗುಂಪಿಗೆ. ಪಾರಿವಾಳ, ಬಾತು, ಹದ್ದುಗಿಡುಗಗಳ ಕಣ್ಣು ಅತ್ತ ಅಷ್ಟು ಚುರುಕಲ್ಲ. ಹೆಚ್ಚು ಡಿಕ್ಕಿಗಳು ನಡೆಯುವ ಬೆಳಗಿನ ಹೊತ್ತಿನಲ್ಲಿ ನೇರಳಾತೀತ ಬೆಳಕೇ ಕಡಿಮೆ. ನೋಟ ಕೆಡಬಾರದೆಂದು ಹಟ ಹಿಡಿದವರಿಗೆ ಇದೊಂದು ರಾಜಿ. ಬಿಳಿಯ ಚುಕ್ಕಿಗೆ ಅದು ಸಮವಲ್ಲ.

ಸೋತ ಉಪಾಯಗಳಲ್ಲಿ ಮೊದಲನೆಯದು ಅತ್ಯಂತ ಜನಪ್ರಿಯವಾದದ್ದು: ಗಾಜಿನ ನಡುವೆ ಒಂದು ಕಪ್ಪು ಗಿಡುಗನ ಚಿತ್ರ. ಹಕ್ಕಿ ಗಿಡುಗನಿಗೆ ಹೆದರುವುದು ನಿಜ, ಆದರೆ ಅಲುಗಾಡದ ಕಪ್ಪು ಕಲೆಯನ್ನು ಅದು ಗಿಡುಗನೆಂದು ಎಣಿಸುವುದೇ ಇಲ್ಲ. ಆ ಕಲೆಯೊಂದನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಪ್ಲಾಸ್ಟಿಕ್ ಗೂಬೆಯ ಕಥೆಯೂ ಇಷ್ಟೇ. ಗಿಡುಗನ ಚಿತ್ರಗಳನ್ನೇ ಐದು ಸೆಂಟಿಮೀಟರಿಗೊಂದರಂತೆ ಕಿಟಕಿಯ ತುಂಬ ಅಂಟಿಸಿದರೆ ಕೆಲಸ ಮಾಡುತ್ತವೆ; ಆಗ ಗಿಡುಗನ ಬದಲು ಚಿಟ್ಟೆಯಿದ್ದರೂ ಆದೀತು.

ಉಪಾಯಗಳ ಗುಣ ಅಳೆಯುವ ಬಗೆಯೂ ಸ್ವಾರಸ್ಯದ್ದು. ಆಸ್ಟ್ರಿಯದ ಹೋಹೆನೌದಲ್ಲಿ ಮಾರ್ಟಿನ್ ರೋಸ್ಲರ್ ಒಂದು ಉದ್ದನೆಯ ಕತ್ತಲ ಸುರಂಗ ರೂಪಿಸಿದರು. ಒಂದು ತುದಿಯಿಂದ ಹಕ್ಕಿಯನ್ನು ಬಿಡುತ್ತಾರೆ. ಬೆಳಕಿರುವ ಇನ್ನೊಂದು ತುದಿಯಲ್ಲಿ ಪಕ್ಕಪಕ್ಕ ಎರಡು ಗಾಜು, ಒಂದು ಬರಿದು, ಇನ್ನೊಂದು ಗುರುತಿನದು. ಹಕ್ಕಿ ಯಾವುದರತ್ತ ಹಾರಿತೆಂದು ಬರೆದುಕೊಳ್ಳುತ್ತಾರೆ. ಗಾಜಿನ ಮುಂದಿನ ಮೆತ್ತನೆಯ ಬಲೆ ಅದನ್ನು ಹಿಡಿದುಕೊಳ್ಳುತ್ತದೆ, ಬಳಿಕ ಹೊರಗೆ ಬಿಟ್ಟುಬಿಡುತ್ತಾರೆ. ನೂರರಲ್ಲಿ ಹತ್ತಕ್ಕಿಂತ ಕಡಿಮೆ ಹಕ್ಕಿಗಳು ಗುರುತಿನ ಗಾಜಿನತ್ತ ಹೋದರೆ ಆ ಗುರುತಿಗೆ ಆಸ್ಟ್ರಿಯದ ಮಾನದಂಡದಲ್ಲಿ ಮೊದಲ ದರ್ಜೆ. ಪೆನ್ಸಿಲ್ವೇನಿಯಾದ ಪೌಡರ್‌ಮಿಲ್‌ನಲ್ಲೂ ಇಂಥ ಸುರಂಗವಿದೆ.

ಗಾಜನ್ನು ಮುಟ್ಟದೆಯೂ ಮಾಡಬಹುದಾದದ್ದು ಕಾಳು ಮತ್ತು ನೀರಿನ ತಟ್ಟೆಯನ್ನು ಸರಿಸುವುದು. ಕಿಟಕಿಯಿಂದ ಒಂದು ಮೀಟರಿನೊಳಗೆ ಇಟ್ಟರೆ ಬೆದರಿ ಎದ್ದ ಹಕ್ಕಿ ವೇಗ ಪಡೆಯುವ ಮುನ್ನವೇ ಗಾಜು ತಲುಪುತ್ತದೆ, ಪೆಟ್ಟು ಹಗುರ. ಐದರಿಂದ ಹತ್ತು ಮೀಟರ್ ದೂರವಿದ್ದರೆ ಅತ್ಯಂತ ಅಪಾಯ. ದೂರವೇ ಇಡುವುದಾದರೆ ಹತ್ತು ಮೀಟರಿಗಿಂತ ಚೆನ್ನಾಗಿ ಆಚೆ ಇಡಬೇಕು. ಬೇಸಿಗೆಯಲ್ಲಿ ಹಕ್ಕಿಗೆಂದು ಮಣ್ಣಿನ ತಟ್ಟೆಯಲ್ಲಿ ನೀರಿಡುವ ನಮ್ಮವರೂ ಜಾಗ ಆರಿಸುವಾಗ ಇದನ್ನು ನೋಡಿಕೊಳ್ಳಬಹುದು. ರಾತ್ರಿ ವಲಸೆ ಹೋಗುವ ಹಕ್ಕಿಗಳನ್ನು ಬೆಳಕು ಸೆಳೆಯುವುದರಿಂದ ವಲಸೆಯ ತಿಂಗಳುಗಳಲ್ಲಿ ಅನಗತ್ಯ ದೀಪ ಆರಿಸುವುದೂ ಉಪಯುಕ್ತ.

ಕನ್ನಡಿಯೊಡನೆ ಕಾದಾಟ

ಪಿಕಳಾರ, ಮಡಿವಾಳ, ಸೂರಕ್ಕಿಗಳು ದಿನಗಟ್ಟಲೆ ಕಿಟಕಿಯನ್ನೋ ಕಾರಿನ ಬದಿಗನ್ನಡಿಯನ್ನೋ ಕುಕ್ಕುವುದು ಡಿಕ್ಕಿಯಲ್ಲ, ಜಗಳ. ಗೂಡು ಕಟ್ಟುವ ಕಾಲದಲ್ಲಿ ತನ್ನ ಎಲ್ಲೆಯೊಳಗೆ ಬಂದ ಇನ್ನೊಂದು ಗಂಡೆಂದು ಬಗೆದು ಹಕ್ಕಿ ತನ್ನ ಬಿಂಬವನ್ನೇ ಓಡಿಸಲು ಹೊರಟಿರುತ್ತದೆ. ಸಾಯುವುದು ಅಪರೂಪ, ದಣಿಯುವುದು ಖಂಡಿತ. ಕಾರಿನ ಕನ್ನಡಿಗೆ ಬಟ್ಟೆಯ ಚೀಲ ತೊಡಿಸಿದರೆ, ಕಿಟಕಿಗೆ ಹೊರಗಿನಿಂದ ಕೆಲವು ವಾರ ಕಾಗದ ಅಂಟಿಸಿದರೆ ವೈರಿ ಮಾಯವಾಗುತ್ತಾನೆ.

ಕರ್ನಾಟಕದ ಮನೆಗಳಲ್ಲಿ

ಹಳೆಯ ತೊಟ್ಟಿಮನೆಯ ಕಿಟಕಿ ಚಿಕ್ಕದು, ಕದ ಮರದ್ದು, ನಡುವೆ ಸರಳು. ಹೆಂಚಿನ ಮನೆಯಲ್ಲಿ ಗಾಜೆಂದರೆ ಅಡುಗೆಮನೆಯ ಮೇಲಿನ ಒಂದೋ ಎರಡೋ ಗಾಜಿನ ಹೆಂಚು. ಹಕ್ಕಿಗೆ ಮೋಸವಾಗುವಂಥದ್ದು ಅಲ್ಲೇನೂ ಇರಲಿಲ್ಲ. ಗೋಡೆಯ ಪಟದ ಹಿಂದೆ ಗುಬ್ಬಿ ಗೂಡು ಕಟ್ಟುವಷ್ಟು ಮನೆ ತೆರೆದಿತ್ತು. ಜಾರು ಕಿಟಕಿಗಳು, ಬಣ್ಣದ ಲೇಪದ ಗಾಜು, ಬಾಲ್ಕನಿಯ ಗಾಜಿನ ಕಟಕಟೆ ಬಂದದ್ದು ಈಚಿನ ದಶಕಗಳಲ್ಲಿ, ನೋಟಕ್ಕೆಂದು ತೋಟದ ನಡುವೆ ಗೋಡೆಯೆತ್ತರದ ಗಾಜು ಹಾಕುವ ಮಲೆನಾಡು, ಕೊಡಗಿನ ಹೊಸ ಮನೆಗಳಂತೂ ಇನ್ನೂ ಈಚಿನವು. ಮರ ಹತ್ತಿರವಿದ್ದಷ್ಟೂ ಬಿಂಬ ಹಸಿರು. ಕಾಡಿನೊಳಗೆ ತಗ್ಗಾಗಿ, ಬಾಣದಂತೆ ಹಾರುವ ಪಚ್ಚೆ ಪಾರಿವಾಳದಂಥ ಹಕ್ಕಿಗೆ ಇಂಥ ಗಾಜು ಹೆಚ್ಚು ಅಪಾಯಕಾರಿ. ಚಳಿಗಾಲ ಕಳೆಯಲು ರಾತ್ರಿಯಲ್ಲಿ ಹಾರುತ್ತ ತೆಂಕಣಕ್ಕೆ ಬರುವ ನವರಂಗವೂ ಊರಿನ ನಡುವೆ ದಿಕ್ಕುತಪ್ಪಿ ಬಿದ್ದು ಸಿಗುವುದುಂಟು.

ನಮ್ಮಲ್ಲಿ ಕೆಲವು ತಡೆಗಳು ಬೇರೆ ಕಾರಣಕ್ಕೆ ಆಗಲೇ ಇವೆ. ಪಾರಿವಾಳದ ಕಾಟ ತಾಳದೆ ಅಪಾರ್ಟ್‌ಮೆಂಟಿನವರು ಬಾಲ್ಕನಿಗೆ ಬಿಗಿಸುವ ಬಲೆ, ಬಿಗಿಯಾಗಿದ್ದರೆ, ಹಿಂದಿನ ಗಾಜಿನಿಂದ ಬೇರೆ ಹಕ್ಕಿಗಳನ್ನೂ ಕಾಯುತ್ತದೆ. ಹಕ್ಕಿಯನ್ನು ದೂರವಿಡಲು ಹಾಕಿದ್ದು ಹಕ್ಕಿಯನ್ನು ಉಳಿಸುತ್ತದೆ. ಸೊಳ್ಳೆ ಜಾಲರಿ ಗಾಜಿನ ಹೊರಗಿನ ಹಳಿಯಲ್ಲಿದ್ದರೆ ಲಾಭ, ಒಳಗಿನ ಹಳಿಯಲ್ಲಿದ್ದರೆ ಇಲ್ಲ. ಕಿಟಕಿ ಮಾಡಿಸುವಾಗಲೇ ಹೇಳಿದರೆ ಖರ್ಚೇನೂ ಹೆಚ್ಚದು. ಬಾಲ್ಕನಿಗೆ ಇಳಿಬಿಡುವ ಬಿದಿರ ಪರದೆಯೂ ಒಳ್ಳೆಯ ತಡೆ. ಸರಳುಗಳು ಗಾಜಿನ ಹಿಂದಿರುವಲ್ಲಿ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಇನ್ನೊಂದು ಗಮನಿಸಬೇಕಾದ ರೂಢಿ: ಹೊಸದಾಗಿ ಗಾಜು ಕೂರಿಸಿದ ಕೂಡಲೇ ಕೆಲಸಗಾರರು ಅದರ ಮೇಲೆ ಸುಣ್ಣದಿಂದಲೋ ಟೇಪಿನಿಂದಲೋ ದೊಡ್ಡದೊಂದು ಗುಣಾಕಾರದ ಗುರುತು ಬರೆಯುತ್ತಾರೆ, ಯಾರಾದರೂ ಹಾಯ್ದುಬಿಟ್ಟಾರೆಂದು. ಗೃಹಪ್ರವೇಶದ ಹಿಂದಿನ ದಿನ ಅದನ್ನು ಉಜ್ಜಿ ಅಳಿಸುತ್ತಾರೆ.

ಕಾನೂನು

ಗಾಜಿನ ಬಗ್ಗೆ ಕಡ್ಡಾಯ ನಿಯಮ ಮಾಡಿದ ನಗರಗಳಲ್ಲಿ ಟೊರಾಂಟೊ (2010), ಸ್ಯಾನ್ ಫ್ರಾನ್ಸಿಸ್ಕೊ (2011) ಮೊದಲಿನವು. ನ್ಯೂಯಾರ್ಕ್ ನಗರದ ಕಾನೂನು 2021ರಿಂದ ಜಾರಿಯಲ್ಲಿದ್ದು, ಹೊಸ ಕಟ್ಟಡಗಳ ಕೆಳಗಿನ 75 ಅಡಿಯ ಗಾಜಿನಲ್ಲಿ ಬಹುಪಾಲು ಹಕ್ಕಿಗೆ ಕಾಣುವಂತಿರಬೇಕೆನ್ನುತ್ತದೆ. ಈಗಾಗಲೇ ಕಟ್ಟಿ ನಿಂತ ಮನೆಗಳನ್ನು ಇಂಥ ಕಾನೂನುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನ್ಯೂಜೆರ್ಸಿಯಲ್ಲೋ ಟೊರಾಂಟೊದ ಹೊರವಲಯದಲ್ಲೋ ಹಿತ್ತಿಲ ಡೆಕ್ಕಿಗೆ ತೆರೆಯುವ ಜಾರುಬಾಗಿಲಿನ ಮನೆ ಕೊಂಡ ಕನ್ನಡಿಗರು ಹೊರಗಿನ ಜಾಲರಿಯನ್ನು ಚಳಿಗಾಲದಲ್ಲೂ ತೆಗೆಯದೆ ಬಿಟ್ಟರೆ ಅರ್ಧ ಕೆಲಸ ಆದಂತೆ.

ಬಿದ್ದ ಹಕ್ಕಿಗೆ ಆರೈಕೆ

ಬಡಿದು ಬಿದ್ದ ಹಕ್ಕಿ ಗರಿ ಕೆದರಿ, ಕಣ್ಣು ಅರೆಮುಚ್ಚಿ ಕೂತಿದ್ದರೆ ಮೊದಲು ಬೆಕ್ಕು, ಕಾಗೆಗಳಿಂದ ಕಾಯಬೇಕು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನು ಹಗುರವಾಗಿ ಒಳಗಿಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಇಡುವುದು ಸರಿಯಾದ ಕ್ರಮ. ಕತ್ತಲೇ ಅದಕ್ಕೆ ಔಷಧಿ. ನೀರು ಕುಡಿಸಬಾರದು, ಎಚ್ಚರ ತಪ್ಪಿದ ಹಕ್ಕಿಯ ಕೊಕ್ಕಿಗೆ ಹನಿಸಿದ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಕಾಳು, ಅನ್ನವೂ ಬೇಡ. ತೆರೆತೆರೆದು ನೋಡಬಾರದು. ಗಂಟೆ ಕಳೆದರೂ ಚೇತರಿಸದಿದ್ದರೆ, ರೆಕ್ಕೆ ಜೋತಿದ್ದರೆ, ಕಣ್ಣು ಊದಿದ್ದರೆ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಇಲ್ಲವೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವಂತಿಲ್ಲ. ಅಮೆರಿಕದ ಪುನರ್ವಸತಿ ಕೇಂದ್ರಗಳ ದಾಖಲೆ ಪರಿಶೀಲಿಸಿದ 2024ರ ಅಧ್ಯಯನದಲ್ಲಿ, ಕಟ್ಟಡಗಳಿಗೆ ಬಡಿದು ಅಲ್ಲಿಗೆ ಬಂದ ಹಕ್ಕಿಗಳಲ್ಲಿ ಸುಮಾರು ಶೇ. 60 ಬದುಕಿ ಹೊರಬರಲಿಲ್ಲ.

ಚೇತರಿಸಿಕೊಂಡ ಹಕ್ಕಿ ಪೆಟ್ಟಿಗೆಯೊಳಗೆ ಸದ್ದು ಮಾಡತೊಡಗುತ್ತದೆ. ಆಗ ಅದನ್ನು ಕೋಣೆಯಲ್ಲಿ ತೆರೆಯಬಾರದು, ಫ್ಯಾನ್ ತಿರುಗುತ್ತಿದ್ದರಂತೂ ಸರ್ವಥಾ ಕೂಡದು. ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಮನೆಯ ಗಾಜಿಗೆ ಬೆನ್ನು ಮಾಡಿ, ಮರಗಳಿರುವ ದಿಕ್ಕಿಗೆ ಬಾಯಿ ಮಾಡಿ ಮುಚ್ಚಳ ತೆಗೆಯಬೇಕು.